ಮಿಡತೆಗೆ ಎಷ್ಟು ಕಾಲು?

ಮೊದಲು ಒಂದು ಸಣ್ಣ ಪರೀಕ್ಷೆ. ಫೋನ್ ತೆಗೆಯಬೇಡಿ, ಪಕ್ಕದವರ ಹಾಳೆ ನೋಡಬೇಡಿ. ಕೈಗೆ ಸಿಕ್ಕ ಪೆನ್ನಿನಲ್ಲಿ ಒಂದು ಮಿಡತೆಯ ಚಿತ್ರ ಬರೆಯಿರಿ.

ನಾವು ಐದು ಜನ ಇದನ್ನು ಹಾಸ್ಟೆಲ್ ರೂಮಿನಲ್ಲಿ ಮಾಡಿ ನೋಡಿದೆವು. ಒಬ್ಬನ ಮಿಡತೆಗೆ ನಾಲ್ಕು ಕಾಲು, ಇನ್ನೊಬ್ಬನದಕ್ಕೆ ಎಂಟು. ಇಬ್ಬರು ಸರಿಯಾಗಿ ಆರು ಕಾಲು ಬರೆದಿದ್ದರು, ಆದರೆ ಅವು ಬಸ್ಸಿನ ಕಿಟಕಿಗಳ ಹಾಗೆ ಹೊಟ್ಟೆಯ ಉದ್ದಕ್ಕೂ ಸಾಲಾಗಿ ನಿಂತಿದ್ದವು. ಐದನೆಯವನು ಬರೆದದ್ದು ಮಿಡತೆಯೋ ಜಿರಳೆಯೋ ಅಂತ ಇನ್ನೂ ತೀರ್ಮಾನವಾಗಿಲ್ಲ. ತಮಾಷೆ ಏನೆಂದರೆ ಕೀಟಗಳಿಗೆ ಆರು ಕಾಲು ಅನ್ನೋದು ಐದೂ ಜನಕ್ಕೆ ಗೊತ್ತಿತ್ತು. ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವನೂ ನಮ್ಮಲ್ಲಿದ್ದ. ಆರೂ ಕಾಲು ಎದೆಯ ಭಾಗದಿಂದಲೇ ಹೊರಡುತ್ತವೆ, ಹೊಟ್ಟೆಯಿಂದ ಒಂದೂ ಇಲ್ಲ ಅನ್ನೋದನ್ನ ಅವನೂ ಓದಿದ್ದ. ಆದರೂ ಪೆನ್ನು ಕೈಗೆ ಬಂದಾಗ ಯಾರ ಕೈಗೂ ಅದು ಗೊತ್ತಿರಲಿಲ್ಲ.

ನಾವು ಓದಿದ್ದೇವೆ, ಆದರೆ ನೋಡಿಲ್ಲ. ಈ ಲೇಖನದ ವಾದ ಇಷ್ಟೇ. ನೋಡದೆ ಇರೋದರಿಂದ ನಮಗೆ ಏನು ನಷ್ಟ ಅಂತ ಹೇಳಲಿಕ್ಕೆ ಮೊದಲು ಚೀನಾಕ್ಕೂ ಆಮೇಲೆ ಗಿಣಿಗೇರಾಕ್ಕೂ ಹೋಗಿ ಬರಬೇಕು. ಬೇಸರ ಮಾಡ್ಕೋಬೇಡಿ.

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ ಒಂದು ವಿಡಿಯೋ ಸಿಕ್ಕಿತು. (ಓದಬೇಕಾದ ರಾತ್ರಿ ಬೇರೆ ಎಲ್ಲವೂ ಚಂದ ಕಾಣುತ್ತಲ್ಲ, ಹಾಗೆ.) ಒಬ್ಬರು ಚೀನೀ ಮುದುಕರು, ಎದುರಿಗೆ ಒಂದು ಬಿಳಿ ಹಾಳೆ, ಒಂದು ಕಪ್ಪು ಕಲ್ಲು. ದಪ್ಪ ಬ್ರಶ್ಶಿನಲ್ಲಿ ಎರಡು ಏಟು ಹಾಕಿದರು, ಎಲೆ ಆಯಿತು. ಆಮೇಲೆ ಸಣ್ಣ ಬ್ರಶ್ ತಗೊಂಡು ರೆಕ್ಕೆ, ಕಾಲು, ಕಾಲಿನ ಮುಳ್ಳು, ಕೊನೆಗೆ ಉಸಿರು ಹಿಡಿದು ಎರಡು ಮೀಸೆ. ಮೂರು ನಿಮಿಷಕ್ಕೆ ಎಲೆ ಮೇಲೆ ಮಿಡತೆ ಕೂತಿತ್ತು. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಹಿಂದೆ ಯಾವ ಗುರುತೂ ಇಲ್ಲ. ನಾವು ಆ ವಿಡಿಯೋ ನಾಲ್ಕು ಸಲ ನೋಡಿದೆವು. ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು ಅಂತ ಕೇಳಬೇಡಿ.

ಮರುವಾರ ಆನ್‌ಲೈನಲ್ಲಿ ಒಂದು ಬ್ರಶ್, ಒಂದು ಬಾಟಲಿ ಕಪ್ಪು ಇಂಕು ತರಿಸಿ ಅದೇ ರೀತಿ ಬರೆಯಲಿಕ್ಕೆ ಹೊರಟೆವು. ಪ್ರಿಂಟರ್ ಹಾಳೆ ಮೇಲೆ ಇಂಕು ಗುಳ್ಳೆ ಗುಳ್ಳೆಯಾಗಿ ನಿಂತಿತು. ನ್ಯೂಸ್‌ಪೇಪರ್ ಮೇಲೆ ಹಾಕಿದರೆ ಹರಿದುಕೊಂಡು ಹೋಯಿತು. ಆಗ ಸ್ವಲ್ಪ ಓದಿದೆವು. ಚೀನೀ ಚಿತ್ರಕಾರರು ಬಳಸುವ ಶ್ವಾನ್ ಕಾಗದ ಒಂದು ಜಾತಿಯ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಆಗುವಂಥದ್ದು. ಅದನ್ನು ಕೈಯಿಂದ ಮಾಡುವ ವಿದ್ಯೆಯನ್ನು ಯುನೆಸ್ಕೋ 2009ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಾಗದ ಎರಡು ತರಹ ಸಿಗುತ್ತದೆ. ಒಂದಕ್ಕೆ ಅಂಟು ಮತ್ತು ಪಟಿಕದ ನೀರು ಹಚ್ಚಿರುತ್ತಾರೆ, ಇಂಕು ಹರಿಯೋದಿಲ್ಲ, ಕೂದಲೆಳೆಯಂಥ ಗೆರೆ ಎಳೆದು ಪದರ ಪದರವಾಗಿ ಬಣ್ಣ ಹಾಕಬಹುದು. ಇನ್ನೊಂದು ಹಸಿ ಕಾಗದ, ಬ್ರಶ್ ಮುಟ್ಟಿದ ಕೂಡಲೇ ಕುಡಿದುಬಿಡುತ್ತದೆ. ನಾವು ಲ್ಯಾಬ್‌ನಲ್ಲಿ ಕ್ಯಾಪಿಲರಿ ಆ್ಯಕ್ಷನ್ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀವಲ್ಲ, ಅದೇ. ಬ್ರಶ್ ಒಂದು ಕ್ಷಣ ಜಾಸ್ತಿ ನಿಂತರೆ ಕಲೆ, ಬೇಗ ಎತ್ತಿದರೆ ಒಣ ಗೆರೆ. ಒಮ್ಮೆ ಹೋದದ್ದು ವಾಪಸ್ ಬರೋದಿಲ್ಲ. ಕಂಟ್ರೋಲ್ ಝಡ್ ಇಲ್ಲದ ಕೆಲಸ.

ಹೂವು ಮತ್ತು ಹುಳಗಳನ್ನೇ ಬರೆಯೋದು ಅಲ್ಲಿ ಸಾವಿರ ವರ್ಷಕ್ಕೂ ಹಳೆಯ ಅಭ್ಯಾಸ. 10ನೇ ಶತಮಾನದಲ್ಲಿ ಹ್ವಾಂಗ್ ಚ್ಯುವಾನ್ ಅಂತ ಒಬ್ಬ ಆಸ್ಥಾನ ಚಿತ್ರಕಾರನಿದ್ದ. ಅವನು ಬರೆದ ಒಂದು ರೇಷ್ಮೆಯ ಸುರುಳಿ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕಥೆ ಇಲ್ಲ, ದೃಶ್ಯ ಇಲ್ಲ. ಗುಬ್ಬಿ, ಆಮೆ, ಜೇನು, ಮಿಡತೆ, ಜೀರುಂಡೆ ಅಂತ 20ಕ್ಕೂ ಹೆಚ್ಚು ಜೀವಿಗಳು ಬಿಡಿ ಬಿಡಿಯಾಗಿ ಇವೆ. ಮೂಲೆಯಲ್ಲಿ ಒಂದು ಸಣ್ಣ ಬರಹ: ಇದು ಮಗನಿಗೆ ಕಲಿಯಲಿಕ್ಕೆ ಕೊಟ್ಟದ್ದು. ಅಂದರೆ ಅದು ಒಂಥರಾ ನೋಟ್ಸ್! ಅಪ್ಪ ಮಗನಿಗೆ ಬರೆದುಕೊಟ್ಟ ನೋಟ್ಸ್ ಸಾವಿರ ವರ್ಷದಿಂದ ಉಳಿದುಕೊಂಡಿದೆ. ನಮ್ಮ ಸೀನಿಯರ್ಸ್ ಕೊಟ್ಟ ನೋಟ್ಸ್ ಒಂದು ಸೆಮಿಸ್ಟರ್ ಬಾಳೋದಿಲ್ಲ.

ನಮಗೆ ಹತ್ತಿರದವನು ಅನ್ನಿಸಿದ್ದು ಮಾತ್ರ ಚೀ ಬೈಶಿ. 1864ರಲ್ಲಿ ಹುನಾನ್ ಪ್ರಾಂತ್ಯದ ಬಡ ರೈತರ ಮನೆಯಲ್ಲಿ ಹುಟ್ಟಿದವನು, 1957ರವರೆಗೆ ಬದುಕಿದ್ದವನು. ಮೊದಲು ಬಡಗಿ. ಮಂಚ, ಪೆಟ್ಟಿಗೆಗಳ ಮೇಲೆ ಹೂವು ಕೆತ್ತುತ್ತಿದ್ದ. ಚಿತ್ರಕಲೆಯ ಒಂದು ಹಳೆಯ ಕೈಪಿಡಿ ಎಲ್ಲೋ ಸಿಕ್ಕಿದಾಗ ಅದನ್ನು ಎರವಲು ತಂದು ಹಾಳೆ ಹಾಳೆ ನಕಲು ಮಾಡಿಕೊಂಡ. (ಜೆರಾಕ್ಸ್ ಅಂಗಡಿ ಇಲ್ಲದ ಕಾಲ.) ಮುಂದೆ ದೊಡ್ಡ ಹೆಸರು ಬಂದಮೇಲೂ ಸೀಗಡಿಗಳನ್ನು ಬೋಗುಣಿಯಲ್ಲಿ ಇಟ್ಟುಕೊಂಡು ಅವು ಹೇಗೆ ಓಡಾಡುತ್ತವೆ ಅಂತ ನೋಡುತ್ತಾ ಕೂರುತ್ತಿದ್ದನಂತೆ. ಅವನ ಚಿತ್ರಗಳಲ್ಲಿ ಒಂದು ವಿಚಿತ್ರ ಜೋಡಿ ಇರುತ್ತದೆ. ಹೂವು ಮತ್ತು ಎಲೆ ನಾಲ್ಕು ಒರಟು ಏಟಿನಲ್ಲಿ ಮುಗಿದುಹೋಗಿರುತ್ತವೆ. ಆದರೆ ಎಲೆಯ ಮೇಲೆ ಕೂತ ಹುಳದ ಒಂದೊಂದು ರೆಕ್ಕೆಯ ನರವನ್ನೂ ಎಣಿಸಬಹುದು. ಕೀಟ ಮಾತ್ರ ಬರೆದು ಹೂವಿನ ಜಾಗ ಖಾಲಿ ಬಿಟ್ಟ ಅವನ ಹಾಳೆಗಳೂ ಉಳಿದುಕೊಂಡಿವೆ. ಕಣ್ಣು ಗಟ್ಟಿ ಇರುವಾಗ ಹುಳ ಬರೆದಿಡಬೇಕು, ಹೂವು ಮುದುಕನಾದ ಮೇಲೂ ಬರೆಯಬಹುದು. ಆ ಹಾಳೆಗಳನ್ನು ನೋಡಿದರೆ ನಮಗೆ ಹಾಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ, ಕನ್ನಡ ಸಂಘದವರಿಗೆ ಇಷ್ಟವಾಗುವಂಥದ್ದು. ಆ ಒರಟು ಏಟಿನ ಶೈಲಿಗೆ ಚೀನೀ ಭಾಷೆಯಲ್ಲಿ ಇರುವ ಹೆಸರಿನ ಅರ್ಥ ಹೆಚ್ಚುಕಮ್ಮಿ 'ಭಾವ ಬರೆಯುವುದು'. ಅಕ್ಷರಕ್ಕೂ ಚಿತ್ರಕ್ಕೂ ಅಲ್ಲಿ ಒಂದೇ ಬ್ರಶ್, ಒಂದೇ ಕ್ರಿಯಾಪದ. ಕನ್ನಡದಲ್ಲೂ ಹಾಗೇ ಅಲ್ಲವಾ? ಪತ್ರ ಬರೀತೀವಿ, ಚಿತ್ರಾನೂ ಬರೀತೀವಿ. ಆದರೆ ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ, 'ಡ್ರಾ ಮಾಡು' ಅಂತ ಹೇಳಿ ಹೇಳಿ ಈ ಮಾತನ್ನು ಬಿಟ್ಟಿದ್ದೀವಿ. ಚೀನಾದ ಒಂದು ಮಾತಿನ ಅರ್ಥ ಹುಡುಕುವಾಗ ನಮ್ಮ ಅಜ್ಜಿಯ ಮಾತು ಸಿಕ್ಕಿದ್ದು ನಮಗೆ ಸ್ವಲ್ಪ ನಾಚಿಕೆಯೂ ಆಯಿತು.

ಈಗ ಗಿಣಿಗೇರಾ.

ನಮ್ಮಲ್ಲೊಬ್ಬ ಗಿಣಿಗೇರಾದವನು. ಹುಬ್ಬಳ್ಳಿಯಿಂದ ಹೊಸಪೇಟೆ ಕಡೆ ಟ್ರೇನಿನಲ್ಲಿ ಹೋದವರಿಗೆ ಗೊತ್ತು, ಕೊಪ್ಪಳ ದಾಟಿದ ಮೇಲೆ ಬರುತ್ತದೆ. ಗಂಗಾವತಿ, ಕಾರಟಗಿ ಕಡೆ ಹೋಗುವ ಹೊಸ ಲೈನ್ ಕವಲೊಡೆಯೋದು ಇಲ್ಲೇ. ಆ ಕಡೆ ಹೋದರೆ ಭತ್ತದ ನಾಡು. ಸುತ್ತಮುತ್ತ ಮಾತ್ರ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು. ಟ್ರೇನಿನ ಕಿಟಕಿಯಿಂದ ಕಾಣೋದು ಚಿಮಣಿ, ಹೊಗೆ. ಊರಿನ ಹೆಸರಲ್ಲಿ ಗಿಣಿ ಇದೆ ಅಂತ ನೆನಪಾಗೋದು ಕಷ್ಟ. ಆಗಸ್ಟ್‌ನಲ್ಲಿ ಎರಡು ದಿನ ರಜೆ ಸಿಕ್ಕಾಗ ಅವನ ಮನೆಗೆ ಹೋದೆವು. ಜೊತೆಗೆ ಬ್ರಶ್ಶೂ ಇತ್ತು, ನಿಜವಾದ ಮಿಡತೆ ಹುಡುಕೋಣ ಅಂತ.

ಹುಡುಕುವ ಕಷ್ಟವೇ ಆಗಲಿಲ್ಲ. ರೈಲ್ವೆ ಲೈನಿನ ಪಕ್ಕ ಎಕ್ಕೆ ಗಿಡಗಳು ಸಾಲಾಗಿವೆ. ಅವುಗಳ ಮೇಲೆ ಹಳದಿ ಮೈ, ನೀಲಿ ಪಟ್ಟಿ ಇರುವ ದೊಡ್ಡ ಮಿಡತೆಗಳು, ಯಾರೋ ಪೇಂಟ್ ಹೊಡೆದು ಬಿಟ್ಟಂತೆ. ಇಂಗ್ಲಿಷಿನಲ್ಲಿ ಇದರ ಹೆಸರೇ 'ಪೇಂಟೆಡ್ ಗ್ರಾಸ್‌ಹಾಪರ್'. ಎಕ್ಕೆಯ ಹಾಲು ವಿಷ, ದನ ಕೂಡ ಮುಟ್ಟೋದಿಲ್ಲ. ಈ ಮಿಡತೆ ಅದನ್ನೇ ತಿಂದು ಆ ವಿಷವನ್ನು ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹೆದರಿಸಿದರೆ ಇದರ ಮರಿಗಳು ಒಂದು ದ್ರವ ಚಿಮ್ಮಿಸುತ್ತವೆ. ಮೈಮೇಲಿನ ಬಣ್ಣ ಹಕ್ಕಿಗಳಿಗೆ ಒಂದು ಎಚ್ಚರಿಕೆ ಬೋರ್ಡು ಇದ್ದಂತೆ. ನಾವು ಇದೇ ಲೈನಿನಲ್ಲಿ ಎಷ್ಟು ಸಲ ಓಡಾಡಿದ್ದೇವೆ! ಒಂದು ಸಲವೂ ಕಂಡಿರಲಿಲ್ಲ.

ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ನಮ್ಮನ್ನು ನೋಡಿ ಗೆಳೆಯನ ಅಜ್ಜಿ ಬಂದರು.

"ಏನ್ ಹುಡುಕಾಕತ್ತೀರಪಾ? ಏನರ ಕಳಕೊಂಡೀರೇನು?"

"ಇಲ್ಲಜ್ಜಿ, ಮಿಡತಿ ನೋಡಾಕತ್ತೀವಿ."

"ಮಿಡತಿ ನೋಡಾಕ ಕಾಲೇಜಿಂದ ಬಂದೀರಿ?" ಅಂತ ನಕ್ಕರು. "ನೋಡ್ರಿ, ಆದ್ರ ಕೈ ಹಚ್ಚಬ್ಯಾಡ್ರಿ. ಯಕ್ಕಿ ಹಾಲು ಕಣ್ಣಿಗೆ ಬಿದ್ರ ಕೆಟ್ಟ."

ಹಾಗೆ ಹೇಳುತ್ತಲೇ ಸೀರೆಯ ಸೆರಗಿನಿಂದ ಒಂದು ಎಲೆ ಒರೆಸಿದರು. ಸೆರಗು ಕಪ್ಪಾಯಿತು. "ಹೆಂಗ ಕುಂತೈತಿ ನೋಡ್ರಿ ಮಸಿ. ಅಂಗಳದಾಗೂ ಇದ, ಒಣ ಹಾಕಿದ ಅರಬಿ ಮ್ಯಾಲೂ ಇದ."

ಮಸಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾಕೆಂದರೆ ಬ್ಯಾಗಿನಲ್ಲಿದ್ದ ಬಾಟಲಿಯಲ್ಲಿದ್ದದ್ದೂ ಅದೇ. ಚೀನೀ ಇಂಕು ಅಂದರೆ ಮಸಿ. ಎಣ್ಣೆ ದೀಪದ ಅಥವಾ ಪೈನ್ ಕಟ್ಟಿಗೆಯ ಹೊಗೆಯಿಂದ ಕೂಡಿಸಿದ ಮಸಿಗೆ ಪ್ರಾಣಿಗಳ ಚರ್ಮದ ಅಂಟು ಸೇರಿಸಿ, ಕುಟ್ಟಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ ಕಡ್ಡಿ ಮಾಡುತ್ತಾರೆ. ಬೇಕಾದಾಗ ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರೆ. ನಮ್ಮ ಮನೆಗಳಲ್ಲಿ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಮಾಡುತ್ತಿದ್ದರಲ್ಲ, ಅದರ ಅಣ್ಣ. ಕನ್ನಡದಲ್ಲಿ ಹೊಗೆಯ ಕಪ್ಪಿಗೂ ಬರೆಯುವ ಇಂಕಿಗೂ ಒಂದೇ ಪದ ಇರೋದು ಸುಮ್ಮನೆ ಅಲ್ಲ. ಮಸಿಕುಡಿಕೆಯಲ್ಲಿ ಇದ್ದದ್ದೂ ಮಸಿಯೇ, ಬೋಗುಣಿಯ ತಳಕ್ಕೆ ಹತ್ತಿದ್ದೂ ಮಸಿಯೇ. ಎಲ್ಲಿ ಇರಬೇಕೋ ಅಲ್ಲಿ ಇದ್ದರೆ ಅಕ್ಷರ, ಇಲ್ಲದಿದ್ದರೆ ಕೊಳೆ.

ಇಲ್ಲಿ ನಾವು ಸುಲಭವಾಗಿ ಒಂದು ಭಾಷಣ ಬಿಗಿಯಬಹುದಿತ್ತು. ಕಾರ್ಖಾನೆ ಕೆಟ್ಟದ್ದು, ಎಕ್ಕೆ ಒಳ್ಳೆಯದು ಅಂತ. ಆದರೆ ಗೆಳೆಯನ ಅಪ್ಪ ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಫರ್ನೇಸ್ ಹತ್ತಿರ ಶಿಫ್ಟ್ ಮಾಡುತ್ತಾರೆ. ನಾವು ಹೋದ ದಿನ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದರು. ಅವನ ಫೀಸು ಬರೋದು ಅಲ್ಲಿಂದಲೇ. ಎರಡು ವರ್ಷ ಆದಮೇಲೆ ನಮ್ಮಲ್ಲಿ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಓದುವವರು ಇಂಥ ಕಡೆಯೇ ಕೆಲಸಕ್ಕೆ ಅರ್ಜಿ ಹಾಕುತ್ತೇವೆ. ಅಜ್ಜಿಯ ಸೆರಗಿನ ಮಸಿಯೂ ಮೊಮ್ಮಗನ ಮಾರ್ಕ್ಸ್ ಕಾರ್ಡೂ ಒಂದೇ ಮನೆಯಲ್ಲಿವೆ. ಇದನ್ನು ಮುಚ್ಚಿಟ್ಟು ಲೇಖನ ಬರೆದರೆ ಅದು ಸುಳ್ಳು ಲೇಖನ.

ನಾವು ಕೇಳುವ ಪ್ರಶ್ನೆ ಬೇರೆ. ಅಜ್ಜಿ ಇನ್ನೊಂದು ಮಾತು ಹೇಳಿದರು. ಮೊದಲ ಮಳೆ ಬಿದ್ದಾಗ ಹೊಲದಲ್ಲಿ ಕೆಂಪು ಮಖಮಲ್ಲಿನಂಥ ಸಣ್ಣ ಹುಳ ನೆಲದ ತುಂಬ ಹರಿದಾಡುತ್ತಿದ್ದವಂತೆ, ಮಕ್ಕಳು ಬೆಂಕಿಪೊಟ್ಟಣದಲ್ಲಿ ಹಿಡಿದಿಡುತ್ತಿದ್ದರಂತೆ. "ಈಗ ಕಾಣವಲ್ಲವು" ಅಂದರು. ಯಾಕೆ ಕಾಣೋದಿಲ್ಲ? ಹೊಲಕ್ಕೆ ಹೊಡೆಯುವ ಎಣ್ಣೆಯೋ, ಧೂಳೋ, ಮಳೆ ಬದಲಾದದ್ದೋ, ಅಥವಾ ಅಜ್ಜಿ ಈಗ ಹೊಲಕ್ಕೆ ಹೋಗೋದು ಕಡಿಮೆಯಾದದ್ದೋ? ನಾಲ್ಕೂ ಇರಬಹುದು. ಹೇಳಲಿಕ್ಕೆ ನಮ್ಮ ಹತ್ತಿರ ಏನೂ ಇಲ್ಲ. ಯಾರೂ ಬರೆದಿಟ್ಟಿಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಬೇಸ್‌ಲೈನ್ ಇಲ್ಲ. ಬೇಸ್‌ಲೈನ್ ಇಲ್ಲದೆ ಬದಲಾವಣೆ ಅಳೆಯೋಕಾಗಲ್ಲ ಅಂತ ಎಲ್ಲ ಸಬ್ಜೆಕ್ಟ್‌ನಲ್ಲೂ ಹೇಳಿಕೊಡುತ್ತಾರೆ. ಏನು ಇತ್ತು ಅಂತ ನೋಡಿದವರೇ ಇಲ್ಲದಿದ್ದರೆ, ಏನು ಹೋಯಿತು ಅಂತ ಕೇಳುವವರೂ ಇರೋದಿಲ್ಲ. (ಅಂದ ಹಾಗೆ ಆ ಕೆಂಪು ಹುಳಕ್ಕೆ ಎಂಟು ಕಾಲು. ಅದು ಕೀಟವಲ್ಲ, ಜೇಡದ ಬಳಗ. ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಾಗುವ ವಿಷಯ.)

ಹೆಸರುಗಳ ಕಥೆಯೂ ಇದೇ. ನಮಗೆ ಬಟರ್‌ಫ್ಲೈ ಗೊತ್ತು. ಪಾತರಗಿತ್ತಿ ಅಂದರೆ ಬೇಂದ್ರೆಯವರ ಪದ್ಯ ನೆನಪಾಗುತ್ತದೆ, ಹುಳ ನೆನಪಾಗೋದಿಲ್ಲ. ಗುಂಗಿಹುಳ, ಕಡಜ, ಗೊದ್ದ, ಜೀರುಂಡೆ, ಇವುಗಳಲ್ಲಿ ಯಾವುದು ಯಾವುದು ಅಂತ ತೋರಿಸಿ ಹೇಳಿ ನೋಡೋಣ. ಕನ್ನಡದಲ್ಲಿ ಹುಳಗಳ ಹೆಸರು ಈಗ ಗಟ್ಟಿಯಾಗಿ ಉಳಿದಿರೋದು ಗೊಬ್ಬರ-ಔಷಧಿ ಅಂಗಡಿಯಲ್ಲಿ. ಕಾಯಿಕೊರಕ, ಜಿಗಿಹುಳು, ಸಸ್ಯಹೇನು. ಅಂದರೆ ಕೊಲ್ಲಬೇಕಾದವುಗಳ ಹೆಸರು ಮಾತ್ರ ನೆನಪಿದೆ. ಚೀನೀ ಚಿತ್ರಕಾರರು ಚಿತ್ರದ ಪಕ್ಕ ಎರಡು ಸಾಲು ಬರೆದು, ಹೆಸರು ಹಾಕಿ, ಕೆಂಪು ಮುದ್ರೆ ಒತ್ತುತ್ತಾರೆ. ನೋಡಿದ್ದು, ಬರೆದದ್ದು, ಹೆಸರಿಟ್ಟದ್ದು ಮೂರೂ ಒಂದೇ ಹಾಳೆಯಲ್ಲಿ. ಕನ್ನಡ ಸಂಘ ಮಾಡಬೇಕಾದ ಕೆಲಸ ಇದಲ್ಲದೆ ಇನ್ನೇನು?

ಇಲ್ಲಿ ಎರಡು ಆಕ್ಷೇಪ ಬಂದೇ ಬರುತ್ತವೆ. ರೂಮಿನಲ್ಲೇ ಬಂದಿವೆ.

ಒಂದು: "ಕಿನ್ನಾಳ ಪಕ್ಕದಲ್ಲೇ ಇರುವಾಗ ಚೀನಾ ಯಾಕೆ ಬೇಕು?" ನ್ಯಾಯವಾದ ಪ್ರಶ್ನೆ. ಅದಕ್ಕೇ ಮರುದಿನ ಕಿನ್ನಾಳಕ್ಕೂ ಹೋದೆವು. ಕೊಪ್ಪಳ ತಾಲ್ಲೂಕಿನದೇ ಊರು. ಅಲ್ಲಿನ ಚಿತ್ರಗಾರ ಮನೆತನಗಳು ಹಂಪಿಯ ಕಾಲದ ಕಲಾವಿದರ ವಂಶದವರು ಎಂಬ ನಂಬಿಕೆ ಇದೆ. ಹಗುರ ಮರ, ಮರದ ಹೊಟ್ಟು, ಹುಣಸೆ ಬೀಜದ ಅಂಟು, ಅದರ ಮೇಲೆ ಹೊಳೆಯುವ ಬಣ್ಣ. ದೇವರ ಮೂರ್ತಿಯಿಂದ ಹಿಡಿದು ಹಣ್ಣು, ಗಿಣಿಯವರೆಗೆ ಮಾಡುತ್ತಾರೆ. ಜಿಐ ಮಾನ್ಯತೆಯೂ ಇದೆ. ಒಂದು ಮನೆಯಲ್ಲಿ ಗಿಣಿಯ ಕೊಕ್ಕಿಗೆ ಕೆಂಪು ಹಚ್ಚುತ್ತಿದ್ದ ಹಿರಿಯರನ್ನು ಕೇಳಿದೆವು: "ಕಾಕಾ, ಗಿಣಿ ನೋಡಿ ಕಲಿತ್ರೇನ್ರಿ?" ಅವರು ತಲೆ ಎತ್ತದೆ ಹೇಳಿದರು: "ಗಿಣಿ ನೋಡಿ ಅಲ್ಲೋ ತಮ್ಮಾ, ಅಪ್ಪನ ಕೈ ನೋಡಿ."

ಈ ಮಾತು ನಮಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಹ್ವಾಂಗ್ ಚ್ಯುವಾನ್‌ನ ಮಗನೂ ಅಪ್ಪನ ಕೈ ನೋಡಿಯೇ ಕಲಿತವನು. ಚೀ ಬೈಶಿಯೂ ಮೊದಲು ಕೈಪಿಡಿ ನಕಲು ಮಾಡಿದವನೇ, ಆಮೇಲೆ ಸೀಗಡಿ ಸಾಕಿದ. ಕೈ ನೋಡಿ ಕಲಿಯೋದು, ಕಣ್ಣಾರೆ ನೋಡಿ ಕಲಿಯೋದು ಒಂದಕ್ಕೊಂದು ವಿರೋಧ ಅಲ್ಲ. ನಮ್ಮ ಸಮಸ್ಯೆ ಏನೆಂದರೆ ನಾವು ಎರಡನ್ನೂ ಮಾಡಿಲ್ಲ. ಚೀನಾದ ವಿಡಿಯೋ ನೋಡದಿದ್ದರೆ ನಾವು ಕಿನ್ನಾಳಕ್ಕೆ ಹೋಗುತ್ತಲೇ ಇರಲಿಲ್ಲ ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಜಾತ್ರೆಯಲ್ಲಿ ಅಗ್ಗದ ಪ್ಲಾಸ್ಟಿಕ್ ಆಟಿಕೆ ಕೊಂಡು ಬೆಳೆದವರು ನಾವು. ಚೀನಾದ ಪ್ಲಾಸ್ಟಿಕ್ ಕಿನ್ನಾಳವನ್ನು ಮರೆಸಿತ್ತು, ಚೀನಾದ ಮಸಿ ನೆನಪಿಸಿತು.

ಎರಡು: "ಫೋಟೋ ತೆಗೆದರೆ ಆಯ್ತಲ್ಲ, ಮ್ಯಾಕ್ರೋ ಲೆನ್ಸ್ ಇದೆ, ಹೆಸರನ್ನೂ ಫೋನೇ ಹೇಳುತ್ತೆ." ಹೌದು, ತೆಗೆಯಿರಿ. ದಾಖಲೆಗೆ ಫೋಟೋನೇ ಒಳ್ಳೆಯದು, ನಾವೂ ತೆಗೆದಿದ್ದೀವಿ. ಆದರೆ ಫೋಟೋ ತೆಗೆಯಲಿಕ್ಕೆ ಮಿಡತೆಯ ಕಾಲು ಎಲ್ಲಿಂದ ಹೊರಡುತ್ತದೆ ಅಂತ ಗೊತ್ತಿರಬೇಕಾಗಿಲ್ಲ. ಬರೆಯಲಿಕ್ಕೆ ಗೊತ್ತಿರಬೇಕು. ನಮ್ಮ ಹಿರಿಯ ಸರ್ ಒಬ್ಬರು ಹೇಳಿದ್ದು: ಅವರ ಕಾಲದಲ್ಲಿ ಮಷೀನ್ ಡ್ರಾಯಿಂಗನ್ನು ಟ್ರೇಸಿಂಗ್ ಪೇಪರ್ ಮೇಲೆ ಇಂಡಿಯನ್ ಇಂಕ್‌ನಲ್ಲಿ ಎಳೆಯಬೇಕಿತ್ತು, ತಪ್ಪಾದರೆ ಬ್ಲೇಡಿನಿಂದ ಕೆರೆಯಬೇಕಿತ್ತು. ಹೆಸರು ಇಂಡಿಯನ್ ಇಂಕ್ ಆದರೂ ಅದೂ ಇದೇ ಮಸಿಯ ಬಳಗ. "ಒಂದು ಗೆರಿ ಎಳಿಯೂ ಮುಂಚೆ ಹತ್ತು ಸಲ ನೋಡತಿದ್ವಿ" ಅಂದರು. ನಾವು ಸಾಫ್ಟ್‌ವೇರಿನಲ್ಲಿ ಮೊದಲು ಗೆರೆ ಎಳೆದು ಆಮೇಲೆ ನೋಡುತ್ತೇವೆ. ಸಾಫ್ಟ್‌ವೇರ್ ಬಿಡಿ ಅಂತ ನಾವು ಹೇಳುತ್ತಿಲ್ಲ, ಬಿಟ್ಟರೆ ಪಾಸಾಗೋದಿಲ್ಲ. ವಾರಕ್ಕೆ ಒಂದು ಗಂಟೆ ಮಾತ್ರ ತಿದ್ದಲಾಗದ ಗೆರೆ ಎಳೆಯೋಣ ಅಂತ ಹೇಳುತ್ತಿದ್ದೇವೆ.

ಹಾಗಾಗಿ ಸಂಘಕ್ಕೆ ನಮ್ಮದೊಂದು ಬೇಡಿಕೆ. ಈ ಪತ್ರಿಕೆಯ ಪ್ರತಿ ಸಂಚಿಕೆಯ ಒಂದು ಪುಟವನ್ನು ಇದಕ್ಕೆ ಬಿಡಿ. ನಿಯಮ ನಾಲ್ಕೇ. ಕ್ಯಾಂಪಸ್ಸಿನಲ್ಲಿ ಅಥವಾ ನಿಮ್ಮ ಊರಿನಲ್ಲಿ ನೀವೇ ನೋಡಿದ ಒಂದು ಹೂವು ಅಥವಾ ಒಂದು ಹುಳ ಇರಬೇಕು. ಮಸಿಯಲ್ಲೋ ಪೆನ್ನಿನಲ್ಲೋ ಬರೆಯಬೇಕು, ಪೆನ್ಸಿಲ್ ಮತ್ತು ರಬ್ಬರ್ ಇಲ್ಲ. ಎಲ್ಲಿ, ಯಾವ ದಿನ ನೋಡಿದ್ದು ಅಂತ ಹಾಕಬೇಕು. ನಿಮ್ಮ ಮನೆಯಲ್ಲಿ ಅದಕ್ಕೆ ಏನು ಅನ್ನುತ್ತಾರೋ ಅದೇ ಹೆಸರು ಇರಬೇಕು. ಗೂಗಲ್ ಕೊಟ್ಟದ್ದು ಬೇಡ, ಮನೆಗೆ ಫೋನ್ ಮಾಡಿ ಕೇಳಿ. ಬೀದರದವರು ಒಂದು ಹೇಳುತ್ತೀರಿ, ಮಂಗಳೂರಿನವರು ಇನ್ನೊಂದು ಹೇಳುತ್ತೀರಿ, ಜಗಳವಾದರೆ ಒಳ್ಳೆಯದೇ. ಚಿತ್ರ ಚೆನ್ನಾಗಿರಬೇಕು ಅನ್ನೋದು ನಿಯಮದಲ್ಲಿ ಇಲ್ಲ.

ಮೊದಲ ಪುಟಕ್ಕೆ ನಮ್ಮದನ್ನೇ ಕೊಡುತ್ತಿದ್ದೇವೆ. ಗಿಣಿಗೇರಾದ ಎಕ್ಕೆ ಗಿಡ, ಅದರ ಮೇಲೊಂದು ಮಿಡತೆ. ಎಲೆ ದಪ್ಪಗೆ ಹರಿದಿದೆ, ಒಂದು ಮೀಸೆ ಡೊಂಕಾಗಿದೆ, ಅಜ್ಜಿ ನೋಡಿ "ಇದು ಮಿಡತಿಯೋ ಆಡಿನ ಮರಿಯೋ?" ಅಂತ ಕೇಳಿದ್ದಾರೆ. ಆದರೆ ಕಾಲು ಎಣಿಸಿ ನೋಡಿ. ಆರಿವೆ, ಆರೂ ಎದೆಯಿಂದಲೇ ಹೊರಟಿವೆ.

ಶನಿವಾರ ಸಂಜೆ ಐದಕ್ಕೆ ಲೈಬ್ರರಿ ಹಿಂದಿನ ಬೇವಿನ ಮರದ ಕೆಳಗೆ ಇರುತ್ತೇವೆ. ಹಳೆಯ ನ್ಯೂಸ್‌ಪೇಪರ್ ತನ್ನಿ, ಮಸಿ ನಾವು ಕೊಡುತ್ತೇವೆ.